ಮನೆಯ ಸಾಲವೂ ಕಂತಿನ ಕೋಷ್ಟಕವೂ

ಕನ್ನಡ ಪಂಡಿತನಿಗೆ ಬಡ್ಡಿಯ ಲೆಕ್ಕದ ಗೊಡವೆ ಏಕೆ ಎಂದು ನೀವು ಕೇಳಬಹುದು. ಛಂದಸ್ಸಿನ ಮಾತ್ರೆಗಳನ್ನು ಎಣಿಸಿಕೊಂಡಿರಬೇಕಾದವನು ಕಂತಿನ ತಿಂಗಳುಗಳನ್ನು ಎಣಿಸಲು ಹೊರಟದ್ದಕ್ಕೆ ಒಂದು ಕಾರಣ ಉಂಟು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಪಾಠ ಹೇಳುವುದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದಲ್ಲಿ. ಊರಿಗೊಂದು ದೊಡ್ಡ ಕೆರೆ, ಬಳಿಯಲ್ಲೇ ಹೆದ್ದಾರಿ. ನಮ್ಮಲ್ಲಿ ಓದಿದ ಹುಡುಗರಲ್ಲಿ ಕೆಲವರು ಆ ಹೆದ್ದಾರಿ ಹಿಡಿದು ವಸಂತನರಸಾಪುರದ ಕಾರ್ಖಾನೆಗಳಿಗೆ ದುಡಿಯಲು ಹೋಗುತ್ತಾರೆ. ಅಂಥ ಒಬ್ಬ ಹಳೆಯ ವಿದ್ಯಾರ್ಥಿ 2023ರ ಜೂನ್ ತಿಂಗಳ ಒಂದು ಭಾನುವಾರ ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ವಯಸ್ಸು ಮೂವತ್ತನಾಲ್ಕು. ಎರಡು ವರ್ಷದ ಹಿಂದೆ ಮನೆ ಕಟ್ಟಲು 10 ಲಕ್ಷ ರೂಪಾಯಿ ಸಾಲ ಮಾಡಿದ್ದ. ಬಡ್ಡಿ ವರ್ಷಕ್ಕೆ ನೂರಕ್ಕೆ 7. ಅವಧಿ 20 ವರ್ಷ. ತಿಂಗಳ ಕಂತು 7,753 ರೂಪಾಯಿ. ಒಂದು ತಿಂಗಳೂ ತಪ್ಪಿಸದೆ ಕಟ್ಟಿದ್ದ. ಈಗ ಸಾಲ ಕೊಟ್ಟವರಿಂದ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತ್ತು: ಬಡ್ಡಿಯ ದರ ಒಂಬತ್ತೂವರೆ ಆಗಿದೆ, ಕಂತಿನಲ್ಲಿ ಬದಲಾವಣೆ ಇಲ್ಲ. ಅಷ್ಟೇ.

“ಕಂತು ಹೆಚ್ಚಿಸಿಲ್ಲವಲ್ಲ ಸಾರ್, ಒಳ್ಳೆಯದೇ ಆಯಿತು ಅಂದುಕೊಂಡೆ” ಎಂದ ಹುಡುಗ. ತಾಯಿಗೆ ಸಮಾಧಾನವಿರಲಿಲ್ಲ. “ಮೇಷ್ಟ್ರೆ, ಇಪ್ಪತ್ ವರ್ಷ ಕಟ್ಟಿದ್ರೆ ಮನೆ ನಮ್ದಾಗ್ತೈತೆ ಅಂತ ಇವ್ನು ಹೇಳಿದ್ದ. ಬಡ್ಡಿ ಹೆಚ್ಚಾದ್ರೂ ಕಂತು ಹೆಚ್ಚಾಗ್ಲಿಲ್ಲ ಅಂದ್ರೆ ಅದೆಂಗೆ? ಮನೆ ನಮ್ದಾಗೋದು ಯಾವಾಗ, ಅಷ್ಟು ಹೇಳಿ ಸಾಕು” ಎಂದರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕಲು ಹೋಗಿ ಕಲಿತದ್ದನ್ನು ನಿಮಗೆ ಒಪ್ಪಿಸುತ್ತಿದ್ದೇನೆ. ಒಂದು ಪೆನ್ಸಿಲು ಹಿಡಿದುಕೊಂಡು ಓದಿದರೆ ಇನ್ನೂ ಅನುಕೂಲ.

ಬಡ್ಡಿಯ ಲೆಕ್ಕ ನಮಗೆ ಹೊಸದಲ್ಲ. ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಮಿಶ್ರಕ ವ್ಯವಹಾರವೆಂಬ ಭಾಗದಲ್ಲಿ ಮೂಲಧನ, ವೃದ್ಧಿ, ಕಾಲ ಇವುಗಳ ಲೆಕ್ಕಗಳು ಬರುತ್ತವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ‘ವೃದ್ಧಿ’ಯೇ ತದ್ಭವವಾಗಿ ನಮ್ಮ ಬಾಯಲ್ಲಿ ‘ಬಡ್ಡಿ’ಯಾಗಿದೆ. ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿಯಂತೂ ಎಲ್ಲರಿಗೂ ಕಂಠಪಾಠ. ಆದರೆ ತ್ರಿಪದಿ ಬಾಯಿಗೆ ಬಂದ ಮಾತ್ರಕ್ಕೆ ಲೆಕ್ಕ ಬರುವುದಿಲ್ಲ, ನನಗೂ ಬಂದಿರಲಿಲ್ಲ.

ಈಗ ಕಂತಿನ ಒಳಗುಟ್ಟನ್ನು ನೋಡೋಣ. ನಮ್ಮೂರಿನವನಾದ್ದರಿಂದ ಕೆರೆಯ ಉದಾಹರಣೆಯನ್ನೇ ಕೊಡುತ್ತೇನೆ. ಸಾಲವೆಂಬುದು ತುಂಬಿದ ಕೆರೆ. ಬಡ್ಡಿ ಎಂಬ ಹಳ್ಳದಿಂದ ತಿಂಗಳು ತಿಂಗಳೂ ನೀರು ಬಂದು ಸೇರುತ್ತಲೇ ಇರುತ್ತದೆ. ಕಂತು ಎಂಬ ತೂಬಿನಿಂದ ನಾವು ನೀರು ಬಿಡುತ್ತಲೇ ಇರುತ್ತೇವೆ. ತೂಬಿನಲ್ಲಿ ಹೋದದ್ದೆಲ್ಲ ಕೆರೆಯ ಮಟ್ಟವನ್ನು ಇಳಿಸುವುದಿಲ್ಲ. ಬಂದದ್ದನ್ನು ಕಳೆದು ಉಳಿದಷ್ಟೇ ಮಟ್ಟ ಇಳಿಯುವುದು. ಈ ಕೆರೆಯದೊಂದು ವಿಶೇಷವೆಂದರೆ, ನೀರು ಇಳಿದಂತೆ ಹಳ್ಳವೂ ಸೊರಗುತ್ತದೆ. ಅಸಲು ಕಡಿಮೆಯಾದಷ್ಟೂ ಬಡ್ಡಿ ಕಡಿಮೆ.

ಇದನ್ನು ಅಂಕೆಗಳಲ್ಲಿ ಬರೆದರೆ ಅದೇ ಕಂತಿನ ಕೋಷ್ಟಕ. ನಮ್ಮ ಹುಡುಗನ ಸಾಲವನ್ನೇ ತೆಗೆದುಕೊಳ್ಳಿರಿ. ವರ್ಷಕ್ಕೆ 7 ಎಂದರೆ 10 ಲಕ್ಷಕ್ಕೆ 70,000. ಹನ್ನೆರಡರಿಂದ ಭಾಗಿಸಿದರೆ ಮೊದಲ ತಿಂಗಳ ಬಡ್ಡಿ 5,833 ರೂಪಾಯಿ. ಕಟ್ಟಿದ 7,753ರಲ್ಲಿ ಅದು ಹೋದರೆ ಅಸಲಿಗೆ ಸಂದದ್ದು 1,920. ಬಾಕಿ 9,98,080. ಎರಡನೆಯ ತಿಂಗಳು ಈ ಬಾಕಿಯ ಮೇಲೆ ಬಡ್ಡಿ 5,822, ಅಸಲಿಗೆ 1,931, ಬಾಕಿ 9,96,149. ಮೂರನೆಯ ತಿಂಗಳು ಬಡ್ಡಿ 5,811, ಅಸಲಿಗೆ 1,942, ಬಾಕಿ 9,94,207. ಹೀಗೆ 240 ಸಾಲುಗಳು. ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆ. ಗುಣಾಕಾರ, ವ್ಯವಕಲನ ಬಲ್ಲ ಯಾವ ಮಗುವಾದರೂ ಈ ಕೋಷ್ಟಕವನ್ನು ತಾಳೆ ನೋಡಬಹುದು.

ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಕಣ್ಣು ತೆರೆಸುವ ಸಂಗತಿಗಳು ಕಾಣುತ್ತವೆ. ಮೊದಲ ಹತ್ತು ವರ್ಷ ಪ್ರತಿ ಕಂತಿನಲ್ಲೂ ಬಡ್ಡಿಯ ಪಾಲೇ ದೊಡ್ಡದು. ಅಸಲಿನ ಪಾಲು ಬಡ್ಡಿಯನ್ನು ಮೀರುವುದು 122ನೆಯ ಕಂತಿನಲ್ಲಿ. ಸಾಲದ ಅರ್ಧ ತೀರುವುದು 159ನೆಯ ಕಂತಿಗೆ, ಎಂದರೆ 13 ವರ್ಷ 3 ತಿಂಗಳಿಗೆ. ಪಾಂಡವರ ವನವಾಸ ಹನ್ನೆರಡು ವರ್ಷ, ಅಜ್ಞಾತವಾಸ ಒಂದು. ಅದರ ಮೇಲೆ ಇನ್ನು ಮೂರು ತಿಂಗಳು! ಒಟ್ಟು ಕಟ್ಟುವ ಹಣ ಸುಮಾರು 18 ಲಕ್ಷ 60 ಸಾವಿರ. ಇದರಲ್ಲಿ ಮೋಸವೇನೂ ಇಲ್ಲ, ಲೆಕ್ಕದ ಸ್ವಭಾವವೇ ಹಾಗೆ. ಆದರೆ ಸಹಿ ಹಾಕುವ ಮೊದಲು ತಿಳಿದಿರಬೇಕಾದ ಸ್ವಭಾವ.

ಕೋಷ್ಟಕವನ್ನು ತಾಳೆ ನೋಡುವುದು ಸುಲಭವಾದರೂ 7,753 ಎಂಬ ಕಂತನ್ನು ಮೊದಲು ಕಂಡುಹಿಡಿಯುವುದು ಸುಲಭವಲ್ಲ. ಒಂದು ಸಂಖ್ಯೆಯನ್ನು ಅದರಿಂದಲೇ 240 ಸಲ ಗುಣಿಸಿದ ಬೆಲೆ ಅದಕ್ಕೆ ಬೇಕು. ಹಿಂದೆ ಲಾಗರಿಥಂ ಪುಸ್ತಕವನ್ನು ಮುಂದಿಟ್ಟುಕೊಂಡು ಮಾಡಬೇಕಾಗಿದ್ದ ಕೆಲಸವನ್ನು ಈಗ ಕಂಪ್ಯೂಟರು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಡುತ್ತದೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಎಕ್ಸೆಲ್ ತಂತ್ರಾಂಶ ತೆರೆದು ತೋರಿಸಿದರು. ಅದರಲ್ಲಿ ಪಿಎಂಟಿ ಎಂಬ ಸೂತ್ರವಿದೆ. ಅದಕ್ಕೆ ಬಡ್ಡಿಯ ದರ, ಕಂತುಗಳ ಸಂಖ್ಯೆ, ಸಾಲದ ಮೊತ್ತ ಈ ಮೂರನ್ನು ಒಪ್ಪಿಸಿದರೆ ಕಂತು ಹೊರಬರುತ್ತದೆ. ನಾನು ಮೊದಲ ಸಲ 7 ಶೇಕಡಾ ಎಂದಷ್ಟೇ ಬರೆದೆ. ತಿಂಗಳಿಗೆ 70,000 ರೂಪಾಯಿ ಕಂತು ಎಂದು ಯಂತ್ರ ಹೇಳಿತು. ವರ್ಷದ ದರವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ದರ ಮಾಡಿಕೊಡಬೇಕೆಂಬುದು ನಾನು ಕಲಿತ ಮೊದಲ ಪಾಠ. ಉತ್ತರದ ಹಿಂದೆ ಋಣ ಚಿಹ್ನೆ ಬಂದರೆ ಗಾಬರಿ ಬೇಡ. ಕೈಗೆ ಬಂದ ಸಾಲವನ್ನು ಧನವೆಂದೂ ಕೈಬಿಡುವ ಕಂತನ್ನು ಋಣವೆಂದೂ ಯಂತ್ರ ಎಣಿಸುತ್ತದೆ.

ಆಮೇಲೆ ತಿಂಗಳು, ಬಡ್ಡಿ, ಅಸಲು, ಬಾಕಿ ಎಂದು ನಾಲ್ಕು ಮನೆಗಳನ್ನು ಮಾಡಿ, ಮೊದಲೆರಡು ಸಾಲುಗಳ ಸೂತ್ರವನ್ನು ನಾವು ಬರೆದು ಕೆಳಕ್ಕೆ ಎಳೆದರೆ 240 ಸಾಲುಗಳೂ ತಾವಾಗಿ ತುಂಬಿಕೊಳ್ಳುತ್ತವೆ. ಕೊನೆಯ ಬಾಕಿ ಸೊನ್ನೆಯಾಗದಿದ್ದರೆ ಎಲ್ಲಿಯೋ ತಪ್ಪಿದ್ದೀರಿ ಎಂದು ತಿಳಿಯಿರಿ. ಬ್ಯಾಂಕುಗಳ ಜಾಲತಾಣಗಳಲ್ಲಿಯೂ ಮೊಬೈಲಿನಲ್ಲಿಯೂ ಸಿದ್ಧವಾದ ಗಣಕಗಳಿವೆ. ಅವು ಕಂತನ್ನು ದೊಡ್ಡ ಅಕ್ಷರದಲ್ಲಿ ತೋರಿಸುತ್ತವೆ. ನೀವು ಅಲ್ಲಿಗೇ ನಿಲ್ಲದೆ ಕೆಳಗೆ ಹೋಗಿ ಕೋಷ್ಟಕವನ್ನು ಓದಿರಿ. ದರ ಇಪ್ಪತ್ತು ವರ್ಷವೂ ಬದಲಾಗದೆಂದು ಅವು ಭಾವಿಸಿರುತ್ತವೆ ಎಂಬುದನ್ನೂ, ಸಾಲದ ಸೇವಾಶುಲ್ಕ, ವಿಮೆ ಮುಂತಾದ ಖರ್ಚುಗಳು ಆ ಲೆಕ್ಕದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ ಎಂಬುದನ್ನೂ ಮರೆಯಬೇಡಿರಿ.

ಇನ್ನು ಆ ತಾಯಿಯ ಪ್ರಶ್ನೆ. ರಿಸರ್ವ್ ಬ್ಯಾಂಕು 2022ರ ಮೇ ತಿಂಗಳಿಂದ 2023ರ ಫೆಬ್ರವರಿಯವರೆಗೆ ತನ್ನ ರೆಪೊ ದರವನ್ನು 4ರಿಂದ ಆರೂವರೆಗೆ ಏರಿಸಿತು. ಅದಕ್ಕೆ ಹೊಂದಿಕೊಂಡ ಮನೆಸಾಲಗಳ ದರಗಳೂ ಅಷ್ಟೇ ಏರಿದವು. ಏರಿಕೆ ಹಂತಹಂತವಾಗಿ ಆಯಿತಾದರೂ, ಲೆಕ್ಕ ಸುಲಭವಾಗಲೆಂದು 24 ಕಂತುಗಳಾದ ಮೇಲೆ ಒಮ್ಮೆಗೇ 7 ಇದ್ದದ್ದು ಒಂಬತ್ತೂವರೆ ಆಯಿತೆಂದು ಇಟ್ಟುಕೊಂಡೆವು. ಆಗ ಉಳಿದ ಬಾಕಿ ಸುಮಾರು 9,50,700. ಹೊಸ ದರದಲ್ಲಿ ತಿಂಗಳ ಬಡ್ಡಿಯೇ 7,526. ಕಂತು ಹಳೆಯ 7,753. ಅಸಲಿಗೆ ಸಲ್ಲುವುದು ಬರಿಯ 227 ರೂಪಾಯಿ! ಸೂತ್ರವನ್ನು ಕೆಳಕ್ಕೆ ಎಳೆದೆವು. ಉಳಿದಿದ್ದ 216 ಸಾಲುಗಳು ಮುಗಿದರೂ ಬಾಕಿ ಸೊನ್ನೆಯಾಗಲಿಲ್ಲ. ಎಳೆದೆವು, ಎಳೆದೆವು. ಸುಮಾರು 448 ಸಾಲುಗಳಾದ ಮೇಲೆ ಸೊನ್ನೆ ಬಂತು. ಎಂದರೆ 37 ವರ್ಷ 4 ತಿಂಗಳು. ಹುಡುಗನಿಗೆ ಆಗ ಎಪ್ಪತ್ತೊಂದು ವಯಸ್ಸು. ಅವನು ಪರದೆಯನ್ನು ನೋಡುತ್ತ ಬಹಳ ಹೊತ್ತು ಮಾತನಾಡಲಿಲ್ಲ.

ಕಂತು ಹೆಚ್ಚಲಿಲ್ಲವೆಂಬ ಸಮಾಧಾನದ ಬೆಲೆ ಇದು. ದರ ಇನ್ನೂ ಸ್ವಲ್ಪ ಏರಿದ್ದರೆ ಬಡ್ಡಿಯೇ ಕಂತನ್ನು ಮೀರಿ, ಕಟ್ಟುತ್ತಿದ್ದಂತೆಯೇ ಸಾಲ ಬೆಳೆಯುತ್ತಿತ್ತು. ತೂಬು ತೆರೆದಿದ್ದರೂ ಕೆರೆ ಕೋಡಿ ಬೀಳುತ್ತಿತ್ತು. ಹಾಗಾದರೆ ಹಳೆಯ ಅವಧಿಯಲ್ಲೇ ಸಾಲ ತೀರಬೇಕಾದರೆ ಎಷ್ಟು ಕಟ್ಟಬೇಕು? ಯಂತ್ರವನ್ನು ಕೇಳಿದೆವು: 9,202 ರೂಪಾಯಿ. ತಿಂಗಳಿಗೆ 1,449 ಹೆಚ್ಚು. ಈ ಹೆಚ್ಚಳವನ್ನು ಒಪ್ಪಿಕೊಂಡರೆ 232 ಕಂತುಗಳು ಉಳಿಯುತ್ತವೆ. ಒಟ್ಟು ಲೆಕ್ಕದಲ್ಲಿ ಸುಮಾರು 14 ಲಕ್ಷ 85 ಸಾವಿರ ರೂಪಾಯಿ ಉಳಿಯುತ್ತದೆ. ಅದು ಅವನು ಮೊದಲು ಪಡೆದ ಸಾಲಕ್ಕಿಂತ ದೊಡ್ಡ ಮೊತ್ತ.

ಇಂಥ ತೊಂದರೆಯನ್ನು ಕಂಡೇ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದು ಒಂದು ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು. ಅವಧಿ ಬೆಳೆಸುವ ಭರದಲ್ಲಿ ಅಸಲೇ ಬೆಳೆಯುವಂತಾಗಬಾರದು. ಇದುವರೆಗೆ ಸಂದ ಅಸಲೆಷ್ಟು, ಬಡ್ಡಿಯೆಷ್ಟು, ಉಳಿದ ಕಂತುಗಳೆಷ್ಟು ಎಂಬ ವಿವರವನ್ನು ಮೂರು ತಿಂಗಳಿಗೊಮ್ಮೆ ಒದಗಿಸಬೇಕು. ಆ ವಿವರ ಬಂದಾಗ ಉಳಿದ ಕಂತುಗಳ ಸಂಖ್ಯೆಯ ಮೇಲೆ ಮೊದಲು ಕಣ್ಣಿಡಿರಿ.

ಕೋಷ್ಟಕ ಕಲಿಸುವ ಇನ್ನೊಂದು ಉಪಾಯವನ್ನು ಹೇಳುತ್ತೇನೆ. ಮೊದಲ ಕಂತಿನ ಜೊತೆಗೆ ಎರಡನೆಯ ತಿಂಗಳ ಅಸಲು 1,931 ರೂಪಾಯಿಯನ್ನೂ ಕಟ್ಟಿಬಿಟ್ಟರೆ ಏನಾಗುತ್ತದೆ? ಬಾಕಿ ನೇರವಾಗಿ ಎರಡನೆಯ ಸಾಲಿಗೆ ಇಳಿಯುತ್ತದೆ. ಮುಂದಿನ ತಿಂಗಳು ಕಟ್ಟುವುದು ಮೂರನೆಯ ಸಾಲು. ನಡುವಿನ ಸಾಲನ್ನೇ ಹೊಡೆದುಹಾಕಿದಂತಾಯಿತು. ಅದರ ಬಡ್ಡಿ 5,822ನ್ನು ನೀವು ಎಂದಿಗೂ ಕೊಡಬೇಕಾಗಿಲ್ಲ. ಈ ಲಾಭ ಮೊದಲ ವರ್ಷಗಳಲ್ಲಿ ಹೆಚ್ಚು, ಕೊನೆಯಲ್ಲಿ ಅಲ್ಪ. ಬದಲಾಗುವ ದರದ ಮನೆಸಾಲವನ್ನು ಮುಂಚಿತವಾಗಿ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಬಾರದೆಂದು 2012ರಲ್ಲಿಯೇ ಅಪ್ಪಣೆಯಾಗಿದೆ. ಆದ್ದರಿಂದ ಬೋನಸ್ಸು ಬಂದಾಗ, ಬೆಳೆಯ ಹಣ ಕೈಗೆ ಬಂದಾಗ, ಮನೆಯ ಖರ್ಚು ಕಳೆದು ಉಳಿದುದರಲ್ಲಿ ಒಂದೆರಡು ಸಾಲುಗಳನ್ನು ಹೊಡೆದುಹಾಕಿರಿ. ಅವಧಿಯನ್ನೇ ಕಡಿಮೆ ಮಾಡಬೇಕೆಂದು ಬರೆದು ತಿಳಿಸಿರಿ.

ಒಂದು ಎಚ್ಚರಿಕೆಯ ಮಾತು. ಗಾಡಿ ಕೊಳ್ಳುವಾಗಲೂ ಕೈಸಾಲ ಮಾಡುವಾಗಲೂ ‘ಫ್ಲಾಟ್ ದರ’ ಎಂಬ ಮಾತು ಕಿವಿಗೆ ಬೀಳುವುದುಂಟು. ಒಂದು ಲಕ್ಷಕ್ಕೆ ನೂರಕ್ಕೆ 10ರಂತೆ ಎರಡು ವರ್ಷಕ್ಕೆ 20,000 ಬಡ್ಡಿ; 24 ಕಂತು, ಕಂತಿಗೆ 5,000. ಕೇಳಲು ಎಷ್ಟು ಸರಳ! ಆದರೆ ತಿಂಗಳು ತಿಂಗಳೂ ಅಸಲು ತೀರುತ್ತಿದ್ದರೂ ಪೂರ್ತಿ ಲಕ್ಷದ ಮೇಲೆಯೇ ಬಡ್ಡಿ ಹಾಕುತ್ತಾರೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ 18ಕ್ಕೂ ಮೀರಿದ ಬಡ್ಡಿ. ಆದ್ದರಿಂದ ದರ ಕೇಳಿದ ಕೂಡಲೆ, ‘ಉಳಿದ ಬಾಕಿಯ ಮೇಲೋ, ಪೂರ್ತಿ ಮೊತ್ತದ ಮೇಲೋ’ ಎಂದು ಕೇಳಿರಿ.

ಕೇಳುವ ಹಕ್ಕು ನಿಮಗಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಮನೆಸಾಲ ಮುಂತಾದ ವೈಯಕ್ತಿಕ ಸಾಲಗಳಿಗೆ ‘ಮುಖ್ಯ ಸಂಗತಿಗಳ ವಿವರಣೆ’ ಎಂಬ ಪತ್ರವನ್ನು ಮೊದಲೇ ಕೊಡಬೇಕೆಂಬ ನಿಯಮವಿದೆ. ಖರ್ಚುಗಳೆಲ್ಲ ಸೇರಿದ ನಿಜವಾದ ವಾರ್ಷಿಕ ದರವೂ ಕಂತಿನ ಕೋಷ್ಟಕವೂ ಅದರಲ್ಲಿರಬೇಕು. ಕನ್ನಡ ಮೇಷ್ಟರಾದ ನನಗೆ ಬಹಳ ಸಂತೋಷ ತಂದ ಮಾತೆಂದರೆ, ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದು. ಕನ್ನಡದಲ್ಲಿ ಕೊಡಿ ಎಂದು ಸಂಕೋಚವಿಲ್ಲದೆ ಕೇಳಿರಿ. ಮನೆಗೆ ತಂದು ಎಲ್ಲರ ಎದುರು ಓದಿರಿ. ಆಮೇಲೆ ಸಹಿ.

ನಮ್ಮ ಹುಡುಗ ಮರುವಾರವೇ ಅರ್ಜಿ ಬರೆದುಕೊಟ್ಟು ಕಂತನ್ನು ಹೆಚ್ಚಿಸಿಕೊಂಡ. 1,449 ರೂಪಾಯಿ ಹೊಂದಿಸುವುದು ಅವನ ಸಂಬಳಕ್ಕೆ ಹಗುರವೇನಲ್ಲ. ಭಾನುವಾರದ ಪಾಳಿಯನ್ನೂ ಒಪ್ಪಿಕೊಂಡಿದ್ದಾನೆ. 2025ರಲ್ಲಿ ರೆಪೊ ದರ ಇಳಿಯತೊಡಗಿದಾಗ ಮತ್ತೆ ಬಂದು ಕೋಷ್ಟಕವನ್ನು ತಾನೇ ಬರೆದು ತೋರಿಸಿದ. ಅಂದು ಅವನ ತಾಯಿಗೆ ನಾನು ಕೊಟ್ಟ ಉತ್ತರ, “2041ನೆಯ ಇಸವಿ ಜೂನ್ ತಿಂಗಳು, ಅಮ್ಮ.” ಅವರು ಬೆರಳು ಮಡಿಸಿ ಏನನ್ನೋ ಎಣಿಸಿದರು. “ನಾನಿರ್ತೀನೋ ಇಲ್ವೋ ಮೇಷ್ಟ್ರೆ. ಇವ್ನು ಗಟ್ಟಿಯಾಗಿರೋ ಕಾಲ್ದಾಗೇ ತೀರ್ತೈತಲ್ಲ, ಅಷ್ಟು ಸಾಕು” ಎಂದರು.

ನಿಮ್ಮ ಮನೆಯಲ್ಲಿಯೂ ಸಾಲವಿದ್ದರೆ ಈ ವಾರವೇ ಕೋಷ್ಟಕವನ್ನು ತರಿಸಿ ಕೊನೆಯ ಸಾಲಿನಲ್ಲಿ ಯಾವ ಇಸವಿ, ಯಾವ ತಿಂಗಳು ಇದೆಯೆಂದು ನೋಡಿರಿ. ಅದನ್ನು ಮನೆಯವರಿಗೆಲ್ಲ ತಿಳಿಸಿರಿ.