ಶಾಲೆಯ ಸುಧಾರಣೆ: ಗುಜರಾತಿನ ಪಾಠ, ಮನೆಯ ಹೊಣೆ



ಶಿಕ್ಷಣದ ಸುಧಾರಣೆ ಎಂದೊಡನೆ ಪಠ್ಯಪುಸ್ತಕಗಳ ಬದಲಾವಣೆಯೇ ಎಲ್ಲರ ಮನಸ್ಸಿಗೆ ಬರುತ್ತದೆ. ವಾಸ್ತವವಾಗಿ ಇದರಲ್ಲಿ ಎರಡು ಕಾರ್ಯಗಳಿವೆ. ಮಗುವನ್ನು ಶಾಲೆಗೆ ಕರೆತರುವುದು ಮೊದಲನೆಯದು. ಬಂದ ಮಗುವು ತಾನೇ ಆಲೋಚಿಸುವಂತೆ ಮಾಡುವುದು ಎರಡನೆಯದು. ಹಳಿ ಹಾಸಿದ ಮಾತ್ರಕ್ಕೆ ಪ್ರಯಾಣಿಕನು ಊರು ಸೇರಲಾರನು. ಈ ಎರಡಕ್ಕೂ ಗುಜರಾತಿನ ನೆಲವೇ ದಾರಿ ತೋರಿದೆಯೆಂಬುದು ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಅರಿಯತಕ್ಕ ಸಂಗತಿ.

ವಡೋದರಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ಪ್ರದೇಶದ ಕೆಲವು ಗ್ರಾಮಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗವಾಗಿ ಆರಂಭಿಸಿದರು. 1906ರಲ್ಲಿ ಅದನ್ನು ಸಂಸ್ಥಾನದಾದ್ಯಂತ ವಿಸ್ತರಿಸಿದರು. ಹೆಣ್ಣುಮಕ್ಕಳೂ ಅದರ ವ್ಯಾಪ್ತಿಯಲ್ಲಿದ್ದರು. ರಾಷ್ಟ್ರಮಟ್ಟದಲ್ಲಿ ಶಿಕ್ಷಣದ ಹಕ್ಕಿನ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, ಅಂದರೆ ಶತಮಾನಕ್ಕೂ ಹೆಚ್ಚು ಕಾಲದ ನಂತರ.

ಎರಡನೆಯ ಕಾರ್ಯಕ್ಕೆ ಕೈಹಾಕಿದವರಲ್ಲಿ ಗಿಜುಭಾಯಿ ಬಧೇಕಾ (1885-1939) ಅಗ್ರಗಣ್ಯರು. ವಕೀಲಿ ವೃತ್ತಿಯನ್ನು ತೊರೆದು, ಮಾಂಟೆಸ್ಸರಿಯವರ ವಿಚಾರಗಳಿಂದ ಪ್ರೇರಿತರಾಗಿ, 1920ರಲ್ಲಿ ಭಾವನಗರದಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರವನ್ನು ಸ್ಥಾಪಿಸಿದರು. ಅವರು ಬೆತ್ತದ ಭಯವನ್ನೂ ಬಹುಮಾನದ ಆಮಿಷವನ್ನೂ ಒಪ್ಪಲಿಲ್ಲ. ಕಥೆ, ಆಟ, ಹಾಡು, ನಾಟಕಗಳೇ ಪಾಠದ ಸಾಧನಗಳಾದವು. ಮಕ್ಕಳ ಪಾಲಿಗೆ ಅವರು ‘ಮೀಸೆಯ ಅಮ್ಮ’ನೇ ಆದರು. ಅವರ ‘ದಿವಾಸ್ವಪ್ನ’ದಲ್ಲಿ ಶಿಕ್ಷಕನೊಬ್ಬನು ಸಾಮಾನ್ಯ ಶಾಲೆಯ ನಾಲ್ಕನೆಯ ತರಗತಿಯನ್ನು ಒಂದು ವರ್ಷ ವಹಿಸಿಕೊಂಡು, ಗದ್ದಲ, ಅನುಮಾನ, ಅಪಹಾಸ್ಯಗಳ ನಡುವೆಯೇ ಕಥೆಗಳಿಂದ ಬೋಧನೆಯನ್ನು ಆರಂಭಿಸುತ್ತಾನೆ. ಕಟ್ಟಡ ಬದಲಾಗಲಿಲ್ಲ, ಮಕ್ಕಳೂ ಬದಲಾಗಲಿಲ್ಲ, ಬದಲಾದದ್ದು ಬೋಧನಾಕ್ರಮ.

ಇದೇ ನೆಲದಿಂದ ಕನ್ನಡದ ಮಕ್ಕಳಿಗೂ ಪಾಠ ತಲುಪಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಅಹಮದಾಬಾದಿನ ಭೂಕೇಂದ್ರವು ಮುಖ್ಯ ಪಾತ್ರ ವಹಿಸಿತ್ತು. ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ಗ್ರಾಮಸ್ಥರಿಗೆ ಅವರವರ ಭಾಷೆಯಲ್ಲಿಯೇ ಕಾರ್ಯಕ್ರಮಗಳು ಬಿತ್ತರಗೊಂಡವು. ತಂತ್ರಜ್ಞಾನವು ಎಷ್ಟೇ ಹೊಸದಾಗಿರಲಿ, ಅರಿವು ಮನೆಮಾತಿನಲ್ಲಿ ಸುಲಭವಾಗಿ ಮೂಡುತ್ತದೆಂಬ ನಂಬಿಕೆ ಅದರ ಹಿಂದಿತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಸಾಧ್ಯವಿರುವೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಬೋಧನೆ ನಡೆಯಲಿ, ಪಠ್ಯದ ಹೊರೆ ತಗ್ಗಲಿ, ಮಕ್ಕಳು ಮಾಡಿ ಕಲಿಯಲಿ ಎಂದು ಹೇಳುತ್ತದೆ. ಸೂರತ್ ಮಹಾನಗರಪಾಲಿಕೆಯು ಗುಜರಾತಿಯಲ್ಲಷ್ಟೇ ಅಲ್ಲದೆ ಮರಾಠಿ, ಉರ್ದು, ಒಡಿಯಾ, ತೆಲುಗು ಮಾಧ್ಯಮಗಳಲ್ಲಿಯೂ ಶಾಲೆಗಳನ್ನು ನಡೆಸಿದೆ. ಕನ್ನಡದ ಮಕ್ಕಳು ಬಹುಪಾಲು ಓದುವುದು ಇಂಗ್ಲಿಷಿನಲ್ಲಿ, ಆಡುವುದು ಗುಜರಾತಿಯಲ್ಲಿ. ಹೀಗಿರುವಾಗ ಅವರ ಪಾಲಿನ ಮನೆಮಾತಿನ ಶಾಲೆ ಮನೆಯೇ ಆಗಬೇಕು. ಅದೂ ಮುಚ್ಚಿದರೆ ಅಜ್ಜ ಅಜ್ಜಿಯರೊಡನೆ ಮನಬಿಚ್ಚಿ ಮಾತನಾಡಲಾರದ, ಉತ್ತರ ಬಲ್ಲ ಆದರೆ ಅರ್ಥವರಿಯದ ಪೀಳಿಗೆಯೊಂದು ಸಿದ್ಧವಾದೀತು.

ಕಂಠಪಾಠವು ಹೀನವೆಂದು ಇದರ ಅರ್ಥವಲ್ಲ. ಶಾಸ್ತ್ರಾಧ್ಯಯನದಲ್ಲಿ ಕಂಠಪಾಠಕ್ಕೆ ಹಿರಿಯ ಸ್ಥಾನವಿದೆ. ಆದರೆ ಅಲ್ಲಿಗೇ ಅಧ್ಯಯನ ಮುಗಿಯುವುದಿಲ್ಲ. ವಾಕ್ಯಾರ್ಥದಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಿದ ನಂತರವೇ ಸಿದ್ಧಾಂತಕ್ಕೆ ಬರುವುದು ಕ್ರಮ. ಪ್ರಶ್ನೆಗೆ ಮನ್ನಣೆಯಿತ್ತ ಪರಂಪರೆಯ ಮನೆಗಳಲ್ಲಿಯೇ ಮಗುವಿನ ‘ಏಕೆ’ ಎಂಬ ಪ್ರಶ್ನೆಗೆ ‘ಸುಮ್ಮನೆ ಓದು’ ಎಂಬ ಉತ್ತರ ದೊರೆಯಬಾರದು.

ಆದುದರಿಂದ ಪೋಷಕರು ಶಾಲೆಯಿಂದ ಬಂದ ಮಗುವನ್ನು ‘ಎಷ್ಟು ಅಂಕ ಬಂತು?’ ಎಂದು ಕೇಳುವ ಮೊದಲು ‘ಇಂದು ಏನು ಕೇಳಿದೆ?’ ಎಂದು ವಿಚಾರಿಸಲಿ. ಕಲಿತ ಒಂದು ವಿಷಯವನ್ನು ಮಗುವು ದಿನವೂ ಕನ್ನಡದಲ್ಲಿ ವಿವರಿಸಲಿ. ತಾಯಂದಿರು ಅಡುಗೆಮನೆಯ ಅಳತೆಗಳಿಂದ ಭಿನ್ನರಾಶಿಯನ್ನು ತೋರಿಸಲಿ. ಹಿರಿಯರು ರಾತ್ರಿ ಒಂದು ಕಥೆ ಹೇಳಲಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಶುಲ್ಕವೂ ಇಲ್ಲ. ದಿನಕ್ಕೆ ಅರ್ಧ ಗಂಟೆಯ ಬಿಡುವು ಸಾಕು.

ಶ್ರೀಕೃಷ್ಣಾರ್ಪಣಮಸ್ತು.