ಮನೆಯಲ್ಲಿ ಮೊಬೈಲ್, ಮಕ್ಕಳ ಸುರಕ್ಷತೆ ಹಾಗೂ ನಮ್ಮ ಹೊಣೆ
(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರನ್ನು ಉದ್ದೇಶಿಸಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸ)



2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ, ಪಾಠಕ್ಕೆಂದು ನಮ್ಮ ಹಳ್ಳಿಯ ಮಕ್ಕಳ ಕೈಗೆ ಮೊಬೈಲ್ ಬಂದಿತು. ಶಾಲೆಗಳು ಮತ್ತೆ ತೆರೆದವು; ಮೊಬೈಲ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ತಂದೆತಾಯಿ ಕಬ್ಬಿನ ಗದ್ದೆಗೆ ಹೊರಟ ಮೇಲೆ, ನಿಪ್ಪಾಣಿಯ ಕಡೆ ತಾಯಿ ಬೀಡಿ ಕಟ್ಟಲು ಕುಳಿತ ಮೇಲೆ, ಮಗು ಅದರಲ್ಲಿ ಯಾರೊಡನೆ ಮಾತನಾಡುತ್ತಿದೆ ಎಂದು ನೋಡುವವರಿಲ್ಲ.

ಇಂಜಿನಿಯರಿಂಗ್ ಓದಿದ ನಾನು, ಇದೊಂದು ತಾಂತ್ರಿಕ ಸಮಸ್ಯೆಯೆಂದೇ ತಿಳಿದಿದ್ದೆ. ಒಮ್ಮೆ ತಂದೆಯೊಬ್ಬರು ಕಚೇರಿಗೆ ಬಂದು, ಅಪರಿಚಿತನೊಬ್ಬ ಮಗಳ ಭಾವಚಿತ್ರವನ್ನು ತಿರುಚಿ ಬೆದರಿಸುತ್ತಿದ್ದಾನೆಂದು ತಗ್ಗಿದ ದನಿಯಲ್ಲಿ ಹೇಳಿದರು. "ಮೊದಲು ಮೊಬೈಲ್ ಕಸಿದುಕೊಳ್ಳಿ" ಎಂದೆ. ಅವರು ಮೊಬೈಲಿನೊಂದಿಗೆ ಶಾಲೆಯನ್ನೂ ಬಿಡಿಸಿ, ವರನನ್ನು ಹುಡುಕತೊಡಗಿದರು. ಬೆದರಿಸಿದವನು ನಿಶ್ಚಿಂತನಾಗಿದ್ದ, ಶಿಕ್ಷೆ ಮಗುವಿಗಾಯಿತು. ವಿಷಯ ತಿಳಿದು 1098ಕ್ಕೆ ಕರೆ ಮಾಡಿ, ದೂರು ದಾಖಲಾದ ನಂತರವೇ ಆಕೆ ಶಾಲೆಗೆ ಮರಳಿದಳು. ನನ್ನ ಸಲಹೆ ತಪ್ಪಾಗಿತ್ತೆಂದು ಇಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ಬೆದರಿಸುವವನ ಬಲವಿರುವುದು ಮಗುವಿನ ಮೌನದಲ್ಲಿ. ಮನೆಯಲ್ಲಿ ಬೈಯುತ್ತಾರೆ, ಶಾಲೆ ಬಿಡಿಸುತ್ತಾರೆ ಎಂಬ ಭಯವೇ ಆ ಮೌನಕ್ಕೆ ಕಾರಣ. ಆದ್ದರಿಂದ ಪಾಲಕರು ಹೇಳಬೇಕಾದ ಮೊದಲ ಮಾತು: "ಏನೇ ಆಗಲಿ, ನಮಗೆ ಬಂದು ಹೇಳು, ಬೈಯುವುದಿಲ್ಲ." ಮೊಬೈಲ್ ಬಳಕೆ ಪಡಸಾಲೆಯಲ್ಲಿ ಎಲ್ಲರ ಕಣ್ಣೆದುರಿಗಿರಲಿ; ಮಲಗುವಾಗ ಅದು ಹಿರಿಯರ ಬಳಿ ಇರಲಿ. ಹಣ ಪಾವತಿಯ ಪಿನ್ ಸಂಖ್ಯೆ ಮಕ್ಕಳಿಗೆ ತಿಳಿಯದಿರಲಿ. ಗೂಗಲ್ ಫ್ಯಾಮಿಲಿ ಲಿಂಕ್ ಎಂಬ ಉಚಿತ ಆ್ಯಪ್‌ನಿಂದ ಬಳಕೆಯ ಅವಧಿಗೆ ಮಿತಿ ಹಾಕಬಹುದು. ಆದರೆ ಯಾವ ಆ್ಯಪ್ ಕೂಡ ಪಾಲಕರ ಮಾತಿಗೆ ಬದಲಿಯಲ್ಲ.

ಅಹಿತಕರ ಘಟನೆ ನಡೆದಲ್ಲಿ ಸಂದೇಶಗಳನ್ನು ಅಳಿಸಬಾರದು, ಅವು ಸಾಕ್ಷ್ಯ. ಮಗುವಿನ ಅಶ್ಲೀಲ ಚಿತ್ರವನ್ನು "ಯಾರದೆಂದು ನೋಡಿ" ಎಂದು ವಾಟ್ಸಾಪ್ ಗುಂಪಿಗೆ ಹಾಕುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ, ಮಗು ಅಪಾಯದಲ್ಲಿದ್ದರೆ 1098ಕ್ಕೆ ಕರೆ ಮಾಡಬೇಕು. ನಮ್ಮದು ಗಡಿಭಾಗ. ಆರೋಪಿ ಮಹಾರಾಷ್ಟ್ರದಲ್ಲಿದ್ದರೂ ನಮ್ಮ ಠಾಣೆಯಲ್ಲೇ ದೂರು ನೀಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಇದಕ್ಕೆ ಅವಕಾಶ ನೀಡಿದೆ.

ಸದಸ್ಯರಲ್ಲಿ ವಿಶೇಷ ವಿನಂತಿಯೊಂದಿದೆ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಇಂತಹ ಪ್ರಕರಣಗಳನ್ನು ಕಟ್ಟೆಯ ಮೇಲೆ ರಾಜಿ ಮಾಡಿಸಬೇಡಿ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದವರೆಲ್ಲರೂ ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ವಿಧಿಸಿದೆ. ಮಗುವಿನ ಗುರುತನ್ನು ಗೋಪ್ಯವಾಗಿಡುವುದೂ ಕಡ್ಡಾಯ.

ಈ ವಿಷಯವನ್ನು ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳ ಬಾಯಿಂದಲೇ ಕೇಳೋಣ. ಪಂಚಾಯತಿ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಪಾಲಕರಿಗೆ ತಿಳುವಳಿಕೆ ನೀಡೋಣ. 1098 ಮತ್ತು 1930 ಈ ಎರಡು ಸಂಖ್ಯೆಗಳನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿಯೂ, ಮರಾಠಿ ಮಾತನಾಡುವ ಮನೆಗಳಿರುವಲ್ಲಿ ಮರಾಠಿಯಲ್ಲಿಯೂ ಬರೆಸೋಣ. ಇದಕ್ಕೆ ಬೇಕಾದುದು ಒಂದು ಡಬ್ಬಿ ಬಣ್ಣ ಮತ್ತು ನಿಮ್ಮ ಒಂದು ಠರಾವು ಮಾತ್ರ.