ಕೆಂಪು ಗೆರೆ ಏಕೆ ಮೂಡಲಿಲ್ಲ?

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನಾನು ಕೆಲಸಕ್ಕೆ ಸೇರಿದ ಹೊಸತು. ಒಬ್ಬ ತಾಯಿಯ ಹಸುವಿಗೆ ಕೆಚ್ಚಲು ಬಾವಾಗಿತ್ತು. ತೊಟ್ಟಿಗೆ ಟ್ಯೂಬು ಏರಿಸಿ ಬಂದೆ. ಎರಡು ದಿನದ ಮೇಲೆ ಆಕೆ ಬಂದು, "ಸಾರ್, ಮನೆಯಲ್ಲಿ ಮೊಸರೇ ಹೆಪ್ಪಾಗುತ್ತಿಲ್ಲ, ಯಾರದೋ ಕಣ್ಣು ಬಿದ್ದಿದೆ" ಎಂದರು. ಕಣ್ಣಲ್ಲ, ತಪ್ಪು ನನ್ನದು. ಔಷಧದ ಹಾಲನ್ನು ಬೇರೆ ಇಡಬೇಕೆಂದು ನಾನು ಹೇಳಿಯೇ ಇರಲಿಲ್ಲ. ಹಾಲಿಗೆ ಇಳಿದ ಔಷಧ ಹೆಪ್ಪಿನ ಜೀವಾಣುಗಳನ್ನೂ ಕೊಂದಿತ್ತು. ಆ ಎರಡು ದಿನದ ಹಾಲು ಡೇರಿಯ ಕ್ಯಾನಿಗೂ ಹೋಗಿತ್ತು.

ಅಂದು ಇದನ್ನು ತಿಳಿಸಿದ್ದು ಮೊಸರಿನ ಗಡಿಗೆ. ಇಂದು ಒಂದು ಸಣ್ಣ ಕಾಗದದ ಪಟ್ಟಿ ಕೆಲವೇ ನಿಮಿಷಗಳಲ್ಲಿ ತಿಳಿಸುತ್ತದೆ. ಅದು ಹೇಗೆ ಎಂದು ತಾವು ಕೇಳಬೇಕು, ಏಕೆಂದರೆ ಈ ಪಟ್ಟಿಯ ಮಾತಿನ ಮೇಲೆ ತಮ್ಮ ಹಾಲು ತಿರಸ್ಕೃತವಾಗಬಹುದು.

ಪೆನಿಸಿಲಿನ್ ಅಣುವಿನ ನಡುವೆ ನಾಲ್ಕು ಮೂಲೆಯ ಒಂದು ಉಂಗುರವಿದೆ: ಮೂರು ಇಂಗಾಲ, ಒಂದು ಸಾರಜನಕ. ಕ್ಷಕಿರಣ ಹಾಯಿಸಿ 1945ರಲ್ಲಿ ಇದನ್ನು ಖಚಿತಪಡಿಸಿದವರು ಇಂಗ್ಲೆಂಡಿನ ಡೊರೋಥಿ ಹಾಡ್ಜ್‌ಕಿನ್ ಎಂಬ ಮಹಿಳೆ. 1964ರಲ್ಲಿ ಅವರಿಗೆ ನೊಬೆಲ್ ಬಂತು. ಈ ಉಂಗುರ ರೋಗಾಣುವಿನ ಒಂದು ಪ್ರೋಟೀನಿಗೆ ಬೀಗಕ್ಕೆ ಕೀಲಿಯಂತೆ ಸಿಕ್ಕಿಕೊಳ್ಳುತ್ತದೆ. ಆಗ ರೋಗಾಣುವಿಗೆ ತನ್ನ ಹೊರಗೋಡೆ ಕಟ್ಟಲಾಗದೆ ಸಾಯುತ್ತದೆ.

ಪಟ್ಟಿ ಮಾಡುವವರು ಇಂಥದೇ ಪ್ರೋಟೀನನ್ನು ಬಳಸುತ್ತಾರೆ. ಕೆಲವರು ಅದರ ಬದಲು ಪ್ರತಿಕಾಯ ಬಳಸುವುದುಂಟು. ಅದನ್ನು ಅತಿ ಸಣ್ಣ ಚಿನ್ನದ ಕಣಗಳಿಗೆ ಅಂಟಿಸುತ್ತಾರೆ. ಹೌದು, ಚಿನ್ನವೇ! ಆದರೆ ಕಣ ಮಿಲಿಮೀಟರಿನ ಲಕ್ಷದ ಕೆಲವು ಭಾಗದಷ್ಟು, ಕರಗಿಸಿ ಓಲೆ ಮಾಡಿಸುವಷ್ಟಿಲ್ಲ. ಅಷ್ಟು ಸಣ್ಣದಾದಾಗ ಚಿನ್ನ ಹಳದಿಯಲ್ಲ, ಮಾಣಿಕ್ಯದ ಕೆಂಪು. ಮೈಕೆಲ್ ಫ್ಯಾರಡೆ 1857ರಲ್ಲೇ ಇದನ್ನು ಅಭ್ಯಸಿಸಿದ್ದರು. ಹಾಲಿನ ಪರೀಕ್ಷೆ ಅವರ ಕನಸಿನಲ್ಲೂ ಇರಲಿಕ್ಕಿಲ್ಲ.

ಪಟ್ಟಿಯ ಮೇಲೆ ಒಂದು ಕಡೆ ಔಷಧವನ್ನೇ ಹೋಲುವ ಅಣುಗಳನ್ನು ಗೆರೆಯಾಗಿ ಬಳಿದಿರುತ್ತಾರೆ. ಹಾಲು ಶುದ್ಧವಾಗಿದ್ದರೆ ಕೆಂಪು ಕಣಗಳು ಆ ಗೆರೆಗೆ ಅಂಟಿ ಗೆರೆ ಕಾಣುತ್ತದೆ. ಹಾಲಿನಲ್ಲಿ ಔಷಧವಿದ್ದರೆ ಬೀಗಗಳೆಲ್ಲ ಮೊದಲೇ ತುಂಬಿರುತ್ತವೆ, ಗೆರೆ ಮೂಡುವುದಿಲ್ಲ. ಇಲ್ಲೇ ಬಹಳ ಜನ ಎಡವುವುದು. ಗೆರೆ ಬಂದರೆ ಒಳ್ಳೆಯ ಹಾಲು, ಬರದಿದ್ದರೆ ಔಷಧವಿದೆ. ಪಕ್ಕದ ಎರಡನೆಯ ಗೆರೆ ಯಾವಾಗಲೂ ಬರಬೇಕು. ಅದೂ ಬರದಿದ್ದರೆ ಪಟ್ಟಿಯೇ ಕೆಟ್ಟಿದೆ. ಆಗ ಮರುಪರೀಕ್ಷೆ ಕೇಳುವುದು ತಮ್ಮ ಹಕ್ಕು, ಸಂಕೋಚ ಬೇಡ.

ಒಂದು ಲೆಕ್ಕ ಕೇಳಿ. ಹಾಲಿನಲ್ಲಿ ಪೆನಿಸಿಲಿನ್ನಿಗೆ ಅಂತರರಾಷ್ಟ್ರೀಯ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಬರೀ 100 ಮಿಲಿಗ್ರಾಂ ಹಾಲಿಗಿಳಿದರೆ ಸುಮಾರು 25,000 ಲೀಟರ್ ಆ ಮಿತಿಗೆ ಬರುತ್ತದೆ. ಒಂದು ಟ್ಯೂಬಿನಲ್ಲಿ ಇದಕ್ಕಿಂತ ಹೆಚ್ಚು ಔಷಧ ಇರುವುದುಂಟು. ಒಬ್ಬರ ಒಂದು ಹೊತ್ತಿನ ಹಾಲು ಊರವರೆಲ್ಲರ ಹಾಲನ್ನು ಚರಂಡಿಗೆ ಕಳಿಸಬಲ್ಲದು.

ಕುದಿಸಿದರೆ ಹೋಗುತ್ತದಲ್ಲ ಎನ್ನುವವರಿದ್ದಾರೆ. ಹೋಗುವುದಿಲ್ಲ. ಒಂದೇ ತೊಟ್ಟಿಗೆ ಟ್ಯೂಬು ಏರಿಸಿದ್ದರೂ ನಾಲ್ಕೂ ತೊಟ್ಟಿನ ಹಾಲನ್ನು ಬೇರೆ ಇಡಿ. ಔಷಧ ರಕ್ತದ ಮೂಲಕ ಉಳಿದವಕ್ಕೂ ಸೇರಬಹುದು. ಎಷ್ಟು ದಿನ ಎಂಬುದು ಔಷಧದ ಚೀಟಿಯಲ್ಲಿರುತ್ತದೆ. ವೈದ್ಯರು ಹೇಳದಿದ್ದರೆ ಕೇಳಿ, ಕೊಟ್ಟಿಗೆಯ ಗೋಡೆಯ ಮೇಲೆ ತಾರೀಖು ಬರೆದಿಡಿ. ಕರೆಯುವವರು ಬದಲಾಗುವ ಮನೆಯಲ್ಲಿ ಹಸುವಿನ ಕೊರಳಿಗೆ ಕೆಂಪು ಬಟ್ಟೆ ಕಟ್ಟಿ. ಇನ್ನೊಂದು ಮಾತು: ಪೆನಿಸಿಲಿನ್ ಗುಂಪಿಗೆ ಮಾಡಿದ ಪಟ್ಟಿ ಟೆಟ್ರಾಸೈಕ್ಲಿನ್ ಗುರುತಿಸುವುದಿಲ್ಲ. ಪಟ್ಟಿ ಹಿಡಿಯಲಿಲ್ಲವೆಂದು ಹಾಲು ಹಾಕಬೇಡಿ.

ಮೇಜಿನ ಮೇಲೆ ಎರಡು ಲೋಟ ಹಾಲಿದೆ. ಒಂದರಲ್ಲಿ ಔಷಧ ಬೆರೆಸಿದ್ದೇನೆ. ಕಣ್ಣಿಗೆ, ಮೂಗಿಗೆ ಎರಡೂ ಒಂದೇ. ಕಾರ್ಯದರ್ಶಿಗಳು ಪಟ್ಟಿ ಅದ್ದುತ್ತಾರೆ, ಒಬ್ಬೊಬ್ಬರಾಗಿ ಮುಂದೆ ಬಂದು ನೋಡಿ.